ಹನ್ನೆರಡು ಅಂಗಿ

ಮಂಗಳವಾರ ಗಂಟು ಬರುತ್ತದೆ, ಸೈಕಲ್ಲಿನ ಮೇಲೆ,
ಇಕೂಪಾ ಹೊಳೆಯ ದಂಡೆಗೆ.
ಗಂಟಿನಲ್ಲಿ ಒಂದು ದೇಶ:
ಹಸಿರು ಅಂಗಿ ಹನ್ನೆರಡು, ಚಡ್ಡಿ ಹನ್ನೆರಡು,
ಕಾಲುಚೀಲ ಮಾತ್ರ ಇಪ್ಪತ್ಮೂರು, ಪ್ರತಿಸಲವೂ.

ವಾವುನಿರೀನಾ ಪಂದ್ಯ ನೋಡಿದವಳಲ್ಲ.
ಹದಿನಾಲ್ಕು ನಿಮಿಷದ ಆಟವಂತೆ; ಅಷ್ಟರಲ್ಲಿ
ಒಂದು ಹೊದಿಕೆಯ ನೊರೆಯೂ ಇಳಿಯದು.
ಏಳು ಜನ ಈ ಕಡೆ, ಏಳು ಜನ ಆ ಕಡೆ,
ಮೊಟ್ಟೆಯಂಥ ಚೆಂಡು,
ಮುಂದಕ್ಕೆ ಓಡುತ್ತ ಹಿಂದಕ್ಕೇ ಎಸೆಯಬೇಕಂತೆ.
"ನಮ್ಮ ಬಾಳಿನ ಹಾಗೆ" ಎಂದು ಯಾರೋ ಅಂದದ್ದಕ್ಕೆ
"ನಿನ್ನ ಬಾಳಿನ ಹಾಗೆ" ಎಂದಳು, ಸೋಪು ತಿಕ್ಕುತ್ತ.

ಅವಳಿಗೆ ಗೊತ್ತಿರುವುದು ಕಲೆಗಳು.
ನೈರೋಬಿಯ ಕಪ್ಪು ಮಣ್ಣು ಎರಡು ದಿನ ನೆನೆಯಬೇಕು.
ಮೊನಾಸ್ತೀರಿನಿಂದ ಬಂದಾಗ ಮಣ್ಣೇ ಇಲ್ಲ,
ಹೊಲಿಗೆಯ ಸಂದಿನಲ್ಲಿ ಸಾಸಿವೆಯಂಥ ರಬ್ಬರು ಕಾಳು;
ಕೊಡವಿದರೆ ಬಾತುಕೋಳಿಗಳು ಓಡಿಬಂದು
ಕುಕ್ಕಿ ನೋಡಿ, ಮುನಿಸಿಕೊಂಡು ಹೋದವು.
ಕಂಪಾಲಾದ್ದು ಕೆಂಪು, ನಮ್ಮದೇ ಕೆಂಪು.
ಬಿದ್ದದ್ದು ಅಲ್ಲೋ ಇಲ್ಲೋ
ಕೈಗೆ ತಿಳಿಯುವುದಿಲ್ಲ.

ಒಮ್ಮೆ, ಒಂದೇ ಒಮ್ಮೆ, ದೊಡ್ಡ ತಂಡವೊಂದನ್ನು ಕೆಡವಿ ಬಂದರು.
ಅಂಗಿಗಳಲ್ಲಿ ಬಿಯರಿನ ಹುಳಿ ವಾಸನೆ.
ಹುಡುಗರ ತಾಯಂದಿರು ದಂಡೆಗೇ ಬಂದು
ಒಗೆಯುವ ಮುಂಚೆ ತಮ್ಮ ತಮ್ಮದನ್ನು ಮೂಸಿ ಕೊಟ್ಟರು.

ಹಾಂಗ್‌ಕಾಂಗಿಗೆ ಹೋದ ವರ್ಷ
ಹೋಟೆಲಿನಲ್ಲೇ ಒಗೆಸಿಕೊಂಡು ಬಂದವು ಅಂಗಿಗಳು,
ಹೆಸರಿಲ್ಲದ ಯಾವುದೋ ಹೂವಿನ ಪರಿಮಳ.
ಎರಡು ಅಂಕಕ್ಕೆ ಸೋತರಂತೆ; ಕೊನೆಯ ಒದೆತ
ಕಂಬಕ್ಕೆ ತಗುಲಿ ಈಚೆ ಬಿತ್ತಂತೆ.
ಅವಳ ಲೆಕ್ಕದಲ್ಲಿ ಸೋತದ್ದು
ಹನ್ನೆರಡು ಅಂಗಿಯ ಕೂಲಿ.

ಕೊರಳಪಟ್ಟಿಯ ಒಳಗೆ ಪೆನ್ನಿನಲ್ಲಿ ಹೆಸರು.
ಸಂಘಕ್ಕೆ ಹೊಸತು ಕೊಳ್ಳಲು ದುಡ್ಡಿಲ್ಲ,
ಹೆಸರಿನ ಮೇಲೆ ಹೆಸರು.
ಏಳನೆಯ ಅಂಗಿಯಲ್ಲಿ ನಾಲ್ವರು:
ರಾಲೈವಾವು, ಈಗ ಗೂಡಿನಲ್ಲಿ ಇಟ್ಟಿಗೆ ಹೊರುತ್ತಾನೆ.
ಜೋಸ್ಲಾಂ, ವ್ಯಾನಿನ ಬಾಗಿಲಲ್ಲಿ ನೇತಾಡುತ್ತ
ನಿಲ್ದಾಣಗಳ ಹೆಸರು ಕೂಗುತ್ತಾನೆ.
ತಾಹಿನಾ ಫ್ರಾನ್ಸಿನ ಯಾವುದೋ ಹಳ್ಳಿಗೆ ಆಡಲು ಹೋದ,
ಅಲ್ಲಿಂದ ಅಮ್ಮನಿಗೆ ಒಲೆ ಕಳಿಸಿದ.
ನಾಲ್ಕನೆಯದು ಒಗೆತಕ್ಕೆ ಅರ್ಧ ಹೋಗಿ
ಬರೀ "ಮಾಮಿ" ಎಂದು ಉಳಿದಿದೆ.
ಅಲ್ಲಿ ಅವಳು ಬ್ರಷ್ ಆಡಿಸುವುದಿಲ್ಲ.

ಅವರ ಮಾತಿನಲ್ಲಿ ಏಳಕ್ಕೆ ಫಿತು ಅನ್ನುತ್ತಾರೆ.
ನನ್ನ ಮಾತಿನಲ್ಲಿ ಏಳು ಎಂದರೆ
ಬಿದ್ದವನ ಕಿವಿಯಲ್ಲಿ ಹೇಳುವ ಮಾತೂ ಹೌದು.
ಇದನ್ನು ಹೇಳಿದರೆ ನಕ್ಕಾಳು ಅವಳು:
ಬಿದ್ದದ್ದಕ್ಕೆ ತಾನೇ ನನಗೆ ಕೂಲಿ.

ಈ ಸಲ ಹರಾರೆಯ ಗಂಟಿನಲ್ಲಿ
ಹನ್ನೆರಡನೆಯ ಅಂಗಿ ಶುಭ್ರ.
ಬೆವರಿಲ್ಲ. ಹುಲ್ಲಿಲ್ಲ. ಮಡಿಕೆಯ ಗೆರೆ ಹಾಗೇ ಇದೆ.
ಎರಡು ದಿನ, ಆರು ಪಂದ್ಯ,
ಯಾವನೋ ಹುಡುಗ ಬೆಂಚಿನ ತುದಿಯಲ್ಲಿ
ಏಳು ಅಂದಾರು, ಈಗ ಅಂದಾರು ಎಂದು
ಬೂಟಿನ ದಾರ ಬಿಚ್ಚಿ ಕಟ್ಟಿ, ಬಿಚ್ಚಿ ಕಟ್ಟಿ.
ಸಮುದ್ರ ದಾಟಿ ಹೋಗಿ, ಸಮುದ್ರ ದಾಟಿ ಬಂದು
ನೆಲ ಮುಟ್ಟದ ಅಂಗಿ.
ಕಲ್ಲಿಗೆ ಬಡಿಯಲು ಕೈ ಏಳಲಿಲ್ಲ.

ಸಂಜೆ ಮ್ಯಾನೇಜರು ಎಣಿಸಿದ: ಹನ್ನೊಂದು.
"ಹೊಳೆ ಒಯ್ದಿತು" ಎಂದಳು.
ಹೊಳೆ ಮೊಣಕಾಲುದ್ದ, ನಿಂತಂತೆಯೇ ಇತ್ತು.
ಅವನು ಹೊಳೆ ನೋಡಿದ, ಅವಳನ್ನು ನೋಡಿದ,
ನಾಲ್ಕು ದಿನದ ಕೂಲಿ ಮುರಿದುಕೊಂಡು ಸೈಕಲ್ ಹತ್ತಿದ.

ಇಟ್ಟಿಗೆ ಗೂಡುಗಳ ಹಿಂದೆ, ಕೊಯ್ದ ಗದ್ದೆಯಲ್ಲಿ
ಮೊಮ್ಮಗಳು ಹೈಂಗು ಓಡುತ್ತಿದ್ದಾಳೆ.
ಚೆಂಡಲ್ಲ ಅದು, ಚಿಂದಿ ತುರುಕಿದ ಎಣ್ಣೆ ಬಾಟಲಿ.
ಅಂಗಿ ಮೊಣಕಾಲಿನಿಂದ ಕೆಳಗೆ, ತೋಳು ಮಣಿಕಟ್ಟಿನವರೆಗೆ.
ಮೂವರು ಹುಡುಗರು ಸೇರಿ ಕೆಡವಿದರು.
ಎದ್ದಳು.
ಬೆನ್ನಿನ ಹನ್ನೆರಡರಲ್ಲಿ ಎರಡು ಕೆಸರಿಗೆ ಹೋಗಿ
ಒಂದು ಮಾತ್ರ ಉಳಿದಿತ್ತು.

ಅಜ್ಜಿ, ಸೀದ ಅನ್ನದ ಪಾತ್ರೆಯಲ್ಲಿ ಕುದಿಸಿದ ನೀರು
ಗುಟುಕರಿಸುತ್ತ ನೋಡಿದಳು.
ಊರ ಕೆಂಪು. ಬೇಗ ಬಿಡುವುದಿಲ್ಲ.
ನಾಳೆ ಇದನ್ನೂ ಒಗೆಯಬೇಕು,
ಪುಕ್ಕಟೆ.