ಬೇಕು, ಬಹುದು

ಗ್ರಿಮ್ಸ್‌ಬಿ ಗ್ರಂಥಾಲಯದ ಮೇಲಂತಸ್ತು, ಮಂಗಳವಾರ, ಆರೂಕಾಲು.
ಪಾಳಿ ಮುಗಿಸಿ ಬರುತ್ತಾರೆ, ಎಷ್ಟು ಉಜ್ಜಿದರೂ
ಬೆರಳು ಬಿಡದ ಮೀನಿನ ವಾಸನೆಯೊಂದಿಗೆ.
ಹೀಟರು ಕೆಟ್ಟಿದೆ. "ಕೋಟು ತೆಗೆಯಬೇಕಾಗಿಲ್ಲ" ಎಂದೆ.
ಅಲ್ಲಿಗೆ ಪಾಠ ಶುರುವಾಗಿಯೇ ಬಿಟ್ಟಿತ್ತು.

ಕ್ಯಾನ್, ಕುಡ್, ಮೇ, ಮೈಟ್, ಶುಡ್, ಮಸ್ಟ್.
ಮೊಂಡು ಪದಗಳು ಇವು.
ಅವನು ಬರಲಿ, ಅವಳು ಬರಲಿ, ರೂಪ ಬದಲಿಸುವುದಿಲ್ಲ;
ಬಾಲಕ್ಕೆ ಎಸ್ ಕಟ್ಟಬೇಡಿ, ಬೆನ್ನಿಗೆ ಟು ಹೇರಬೇಡಿ.
ಇಷ್ಟು ಜಂಬವಿದ್ದೂ ಒಂಟಿಯಾಗಿ ನಡೆಯಲಾರವು,
ಪಕ್ಕದಲ್ಲೊಂದು ಕ್ರಿಯಾಪದ ಇರಲೇಬೇಕು.

"ಕ್ಯಾನ್ ಅಂದರೆ ಡಬ್ಬಿ," ಎಂದಳು ಲಿಥುವೇನಿಯಾದ ದಾನುತೆ,
"ದಿನಕ್ಕೆ ಎರಡು ಸಾವಿರ." ಎಲ್ಲರೂ ನಕ್ಕರು.

ಲೆತೆಬ್ರಹಾನ್ ನಗಲಿಲ್ಲ. ಅವಳ ಕೈಗೆ ಮೀನಿನ ವಾಸನೆಯಿಲ್ಲ,
ಕೆಲಸ ಮಾಡುವ ಅಪ್ಪಣೆಯೇ ಇಲ್ಲ.
ನಾಲ್ಕಾಗಿ ಮಡಿಸಿದ ಸರ್ಕಾರಿ ಪತ್ರ ಬಿಡಿಸಿ
ಒಂದು ಸಾಲಿನ ಕೆಳಗೆ ಉಗುರಿಟ್ಟಳು:
ಯು ಮೇ ಬಿ ಡಿಟೇನ್ಡ್.
"ಮೇ ಅಂದರೆ ಅನುಮತಿ, ಹೋದ ವಾರ ನೀವೇ ಹೇಳಿದ್ದು,
ಕಿಟಕಿ ತೆರೆಯಬಹುದೇ, ಒಳಗೆ ಬರಬಹುದೇ.
ಬಂಧನದಲ್ಲಿರಲು ನನಗೆ ಅನುಮತಿ ಕೊಟ್ಟಿದ್ದಾರೆ.
ಬೇಡ ಎನ್ನಬಹುದೇ?"

ಮಾರ್ಕರಿನ ಮುಚ್ಚಳ ಎಲ್ಲಿ ಬಿತ್ತೆಂದು ಹುಡುಕಿದೆ,
ಬಹಳ ಹೊತ್ತು.

ಆಮೇಲೆ ಅಭ್ಯಾಸ: ಇಲ್ಲಿಲ್ಲದ ಒಬ್ಬರ ಬಗ್ಗೆ ಒಂದು ವಾಕ್ಯ.
ಕ್ಷೌರದಂಗಡಿಯ ರೇಬ್ವಾರ್ ಬರೆದ, ಶುಡ್ ಹಾಕಿ,
ಅಪ್ಪ ಸಿಗರೇಟು ಬಿಡಬೇಕು. ಸರಿ.
ಅವಳು ಬರೆದಳು, ತಮ್ಮ ಫಿಲ್ಮೋನ್ ಬಗ್ಗೆ,
ಎರಡು ವರ್ಷದ ಹಿಂದೆ ಜುವಾರಾದಲ್ಲಿ ದೋಣಿ ಹತ್ತಿದವನು,
ಮಸ್ಟ್ ಹಾಕಿ: ಬದುಕಿರಬೇಕು.

ಇಪ್ಪತ್ತೆರಡು ವರ್ಷದಿಂದ ಹೇಳುತ್ತಿರುವ ನಿಯಮ ಹೇಳಿದೆ:
ದೀಪ ಉರಿಯುತ್ತಿದೆ, ಒಳಗೆ ಜನ ಇರಬೇಕು. ಅದು ಮಸ್ಟ್.
ಪುರಾವೆಯಿಲ್ಲದಿದ್ದರೆ ಮೈಟ್; ಇದ್ದರೂ ಇರಬಹುದು.
ಅವಳ ಸಾಲಿನ ಮೇಲೆ ಕೆಂಪು ಪೆನ್ನು ಹಿಡಿದೇ ಇದ್ದೆ.

"ಇದು ಆ ಮಸ್ಟ್ ಅಲ್ಲ ಮಿಸ್," ಎಂದಳು.
"ಬಾಡಿಗೆ ಕಟ್ಟಬೇಕು, ಸೀಟ್‌ಬೆಲ್ಟ್ ಹಾಕಬೇಕು,
ಪ್ರತಿ ಗುರುವಾರ ಠಾಣೆಗೆ ಬಂದು ಸಹಿ ಮಾಡಬೇಕು.
ಅದು. ಆ ಮಸ್ಟ್."

ಪೆನ್ನಿನ ಮುಚ್ಚಳ ಈ ಸಲ ಬೇಗ ಸಿಕ್ಕಿತು.
ಕೆಳಗೆ ಕಾವಲುಗಾರ ಕೀಲಿಗೊಂಚಲು ಕುಲುಕುತ್ತಿದ್ದ.
ಮುಂದಿನ ಮಂಗಳವಾರಕ್ಕೆ ಕುಡ್ ಹ್ಯಾವ್ ಎಂದಿದೆ ಪಠ್ಯದಲ್ಲಿ,
ಆಗಬಹುದಿತ್ತು, ಆಗಲಿಲ್ಲ ಎನ್ನುವಂಥದ್ದು.
ಮುಂದೂಡಬಹುದು.
ಮುಂದೂಡುತ್ತೇನೆ.