ಒಂಬತ್ತನೆಯ ಸಾಲು

ಕವಿ ನಾಕಿಮಯ್ಯ ಓಲೆ ತಂದಾಗ
ನಾನು ಉಳಿಗೆ ಸಾಣೆ ಹಿಡಿಯುತ್ತಿದ್ದೆ.
"ಚಂದ್ರನಿಂದ ಹಿಡಿ, ಬೀರೋಜ" ಎಂದ,
"ಚಂದ್ರ, ಅವನ ಮಗ ಬುಧ, ಆಮೇಲೆ ಯದು,
ಹಾಗೇ ಇಳಿದುಕೊಂಡು ಬಾ.
ಎಂಟನೆಯ ಸಾಲಿಗೆ ನಮ್ಮ ದೊರೆ ಹುಟ್ಟಬೇಕು."

ಎಣಿಸಿದೆ. ಚಂದ್ರನಿಂದ ಮಸಣಯ್ಯನವರೆಗೆ
ಹದಿನೇಳು ತಲೆ, ಮೂರು ಕೊಳಗ ನವಣೆ.
ಮಸಣಯ್ಯನ ಅಜ್ಜ ಬೆಮ್ಮತ್ತನಕಲ್ಲಿನ ದಾರಿಯಲ್ಲಿ
ಮೆಣಸು ಹೇರಿದ ಎತ್ತುಗಳ ಸುಂಕ ಎತ್ತುತ್ತಿದ್ದ.
ಒಂದು ಚಳಿಗಾಲ ನನ್ನಜ್ಜನಿಂದ ಇಸಿದುಕೊಂಡ ಕಂಬಳಿ
ಇನ್ನೂ ಮರಳಿ ಬಂದಿಲ್ಲ.
ಅದನ್ನು ಯಾವ ತಲೆಯ ಲೆಕ್ಕಕ್ಕೆ ಬರೆಯಲಿ?

ಕಲ್ಲಿಗೆ ಅದೆಲ್ಲ ಬೇಡ. ಮೇಲೆ ಸೂರ್ಯ, ಚಂದ್ರ,
ಹಸು, ಕರು; ಕೆಳಗೆ ಬಿರುದು.
ಬಿರುದು ಓದುವಾಗ ನಾಕಿಮಯ್ಯನ
ಕೊರಳ ನರ ಉಬ್ಬುತ್ತಿತ್ತು: "ಪರಬಲಭಯಂಕರ!"
ಯಾವ ಕಾಳಗದಲ್ಲಿ ಸ್ವಾಮಿ, ಎಂದೆ.
"ಮೊದಲು ಕಲ್ಲು ನಿಲ್ಲಲಿ" ಎಂದ.

ನಿಂತಿತು, ಕೆರೆ ಏರಿಯ ಮೇಲೆ, ತೂಬಿನ ಎಡಕ್ಕೆ.
ಮುಂದಿನ ಸುಗ್ಗಿಗೆ ಕಾಳಗವೂ ಆಯಿತು,
ಒಡಹುಟ್ಟಿದ ತಮ್ಮನ ಜೊತೆ.

ಆ ತಮ್ಮ ಒಂಬತ್ತನೆಯ ಸಾಲಿನಲ್ಲಿದ್ದ:
"ರಾಮಂಗೆ ಲಕ್ಷ್ಮಣನಂತೆ ಬಾಚಯ್ಯಂ."
ಹೆಸರಿನ ತುದಿಗೆ ನಾನೊಂದು ಹೂ ಬಿಟ್ಟಿದ್ದೆ,
ಯಾರೂ ಹೇಳದೆ. ಹುಡುಗ ಚೆನ್ನಾಗಿ ನಗುತ್ತಿದ್ದ.

ನಡುರಾತ್ರಿ. ಕಾವಲಿನವನು ಪಂಜು ಹಿಡಿದ.
"ಹೂವೂ ಇರಕೂಡದು" ಎಂದ ದೊರೆ,
ಕಲ್ಲಿನತ್ತ ನೋಡದೆ.
ಕೆತ್ತುವುದಕ್ಕಿಂತ ಅಳಿಸುವುದು ನಿಧಾನ;
ಪುಡಿ ಮೂಗಿಗೆ ಹೋಗುತ್ತದೆ,
ಮೂರು ದಿನ ಅನ್ನಕ್ಕೂ ಕಲ್ಲಿನ ವಾಸನೆ.
ಅಳಿಸಿದ್ದಕ್ಕೆ ಆರು ಕೊಳಗ ಕೊಟ್ಟರು.

ಹನ್ನೆರಡು ವರ್ಷದ ಮೇಲೆ
ಬಾಚಯ್ಯನ ಮಗ ಗದ್ದುಗೆ ಏರಿದ.
ಮೀಸೆ ಸರಿಯಾಗಿ ಬಂದಿರಲಿಲ್ಲ.
ನನ್ನನ್ನು ಏರಿಗೆ ಕರೆಸಿ
ಆ ತಗ್ಗಿನಲ್ಲಿ ಬೆರಳಾಡಿಸಿದ, ಗಾಯ ಸವರುವಂತೆ.
ಮತ್ತೆ ಬರೆಯಲೇ ದೊರೆ, ಎಂದೆ. ಉಳಿ ಕೈಯಲ್ಲೇ ಇತ್ತು.

"ಬೇಡ" ಎಂದ. "ಹೆಸರಿದ್ದರೆ ಓದಿ ಹೋಗುತ್ತಾರೆ.
ತಗ್ಗಿದ್ದರೆ ನಿಂತು ಕೇಳುತ್ತಾರೆ."
ಕೇಳಿದವರಿಗೆ ಹೇಳಲು ಒಬ್ಬ ಪೂಜಾರಿಯನ್ನಿಟ್ಟ,
ಅವನಿಗೆ ತೂಬಿನ ಕೆಳಗೆ ಗದ್ದೆ ಬಿಟ್ಟ,
ತಗ್ಗಿಗೆ ದಿನಕ್ಕೊಂದು ಕಣಗಿಲೆ ಹೂ.

ದೊಡ್ಡಪ್ಪನ ಬಿರುದುಗಳನ್ನೆಲ್ಲ ಹೊಡೆಸಿಹಾಕಿದ.
ಚಂದ್ರನನ್ನು ಮಾತ್ರ ಮುಟ್ಟಗೊಡಲಿಲ್ಲ.
ಅಂದು ರಾತ್ರಿ ಅದೇ ಚಂದ್ರ
ಕೆರೆಯಲ್ಲಿ ಎಮ್ಮೆಗಳ ನಡುವೆ ತೇಲುತ್ತಿದ್ದ,
ಯಾರ ಮುತ್ತಜ್ಜನೂ ಅಲ್ಲದವನಂತೆ.

ಕಂಬಳಿಯ ಮಾತು ನಾಲಿಗೆಯ ತುದಿಗೆ ಬಂತು.
ನುಂಗಿದೆ.
ಹೊಡೆದ ಬಿರುದುಗಳ ಕೂಲಿ ಇನ್ನೂ ಬರಬೇಕಿತ್ತು.