ಬಿಡಿ ಫಾರಮುಗಳು

ಅಪ್ಪನದು ತುಳು, ಅಮ್ಮನದು ಕೊಂಕಣಿ,
ಬೈಕಲಾದ ನಮ್ಮ ಚಾಳಿನ ಮೆಟ್ಟಿಲಿಗೆ ಮರಾಠಿ.
ಜಗಳಕ್ಕೆ ಮಾತ್ರ ಕನ್ನಡ.
ಇಬ್ಬರೂ ದೇವರ ಮಾತು ಓದಿದ್ದು ಅದರಲ್ಲೇ,
ಹಾಗಾಗಿ ನುಸುಳಿಕೊಳ್ಳಲು ಇಬ್ಬರಿಗೂ ಸಂದಿರಲಿಲ್ಲ.

ಅಪ್ಪ, ಜಯಕರ ಸಾಲಿನ್ಸ್, ಬೈಂಡರ್.
ಮಂಗಳೂರಿನ ಮಿಶನ್ ಪ್ರೆಸ್ಸಿನಲ್ಲಿ ಕಲಿತ ಕೈ,
ಮಝಗಾಂವಿನಲ್ಲಿ ಸವೆದ ಕೈ.
ಅಂಟಿನ ವಾಸನೆ ಹೊತ್ತೇ ಭಾನುವಾರ ಸಂಜೆ ನಾಲ್ಕಕ್ಕೆ
ಮರಾಠಿ ಸಭೆಯವರು ಬಾಡಿಗೆಗೆ ಕೊಟ್ಟ ದೇವಾಲಯದಲ್ಲಿ
ಕನ್ನಡದ ಆರಾಧನೆಗೆ ಕೂರುತ್ತಿದ್ದ.
ಅಮ್ಮ, ಸೆವ್ರಿನ್, ಬುಧವಾರ ಮಾಹೀಮಿನ ನೊವೇನಾಕ್ಕೆ,
ಭಾನುವಾರ ಬೆಳಗಿನ ಪೂಜೆಗೆ ಇಗರ್ಜಿಗೆ.
ನಾನು ಎರಡಕ್ಕೂ. ಎರಡೂ ಕಡೆ ಅರ್ಧ ಟಿಕೆಟ್ಟು.

ಶುರುವಾಗುತ್ತಿದ್ದುದು ಒಂದು ನಾಯಿಯಿಂದ.
ನನ್ನನ್ನು ಮಲಗಿಸಲು ಅಮ್ಮ ಹೇಳುತ್ತಿದ್ದ ಕತೆ:
ಕುರುಡ ತಂದೆಯ ಮಗ ದೂರದೂರಿಗೆ ಹೊರಟ,
ಜೊತೆಗೆ ಗುರುತು ಹೇಳದ ಒಬ್ಬ ದೂತ,
ಹಿಂದೆ ಹಿಂದೆ ಮನೆಯ ನಾಯಿ.
"ಅದು ಸತ್ಯವೇದದಲ್ಲಿಲ್ಲ," ಗೋಡೆಗೆ ಮುಖ ಮಾಡಿದಲ್ಲಿಂದಲೇ ಅಪ್ಪ.
"ನಿಮ್ಮವರು ಹರಿದು ಹಾಕಿದ ಮೇಲೆ ಎಲ್ಲಿರುತ್ತದೆ?"
"ಹರಿದದ್ದಲ್ಲ. ಇದ್ದದ್ದೇ ಅರವತ್ತಾರು. ಏಳು ನೀವು ಸೇರಿಸಿದ್ದು."
"ಅರವತ್ತಾರು ಅಂತ ಯಾವ ಪುಟದಲ್ಲಿ ಬರೆದಿದೆ, ತೋರಿಸಿ."

ಅಪ್ಪ ಎದ್ದು ಕೂತ. ನನ್ನ ನಿದ್ದೆ ಅಲ್ಲಿಗೆ ಮುಗಿಯಿತು.

"ನಿನ್ನ ಪಾದ್ರಿ ಹೇಳಿದ, ಅವನಿಗೆ ಬಿಷಪ್ ಹೇಳಿದ,
ಬಿಷಪ್ಪನಿಗೆ ರೋಮಿನವರು.
ನಾನು ಏಣಿ ಕೇಳಲಿಲ್ಲ, ಸೆವ್ರಿನ್,
ಎಲ್ಲಿ ಬರೆದಿದೆ ಅಂತ ಕೇಳಿದೆ."

ಅಮ್ಮ ಬಟಾಣಿ ಸುಲಿಯುತ್ತ:
"ಪುಸ್ತಕ ಏನು ಮಾವಿನಹಣ್ಣಿನ ಹಾಗೆ ಉದುರಿತೆ?
ಬಿಡಿ ಹಾಳೆ ಇತ್ತು. ಯಾರೋ ಆರಿಸಿದರು, ಜೋಡಿಸಿದರು, ಹೊಲಿದರು.
ಹೊಲಿದವರನ್ನು ನಂಬದೆ ಹೊಲಿಗೆ ನಂಬುವುದು ಹೇಗೆ?
ನೀವು ಬೈಂಡರು. ನಿಮಗೂ ಹೇಳಿಕೊಡಬೇಕೆ?"

ತಾಗಿತು, ನನಗೆ ಗೊತ್ತು.
ಹೆಬ್ಬೆರಳಿನ ಸೂಜಿಗಾಯ ನೋಡಿಕೊಂಡು ಕೂತಿದ್ದು ಕೊನೆಗೆ ಹೇಳಿದ:
"ಮೂವತ್ತು ವರ್ಷ ಹೊಲಿದೆ.
ಕಾನೂನು, ವೈದ್ಯ, ಟೆಲಿಫೋನ್ ಡೈರೆಕ್ಟರಿ.
ಒಂದರಲ್ಲೂ ಒಂದಕ್ಷರ ನನ್ನದಲ್ಲ.
ಹೊಲಿದವನು ಹೊಲಿದು ಕೈ ತೊಳೆಯಬೇಕು,
ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಕೂರಬಾರದು."

"ಕೈ ತೊಳೆದವನೊಬ್ಬ ಇದ್ದ, ನೆನಪಿದೆಯಲ್ಲ?" ಎಂದಳು ಅಮ್ಮ.

ಅಪ್ಪನಿಗೆ ನಗು ತಡೆಯಲಾಗಲಿಲ್ಲ.
ಬಟಾಣಿ ಉರುಳಿ ಮಂಚದಡಿ ಹೋಯಿತು.

ಒಂದು ಮೇ ತಿಂಗಳು ಪ್ರೆಸ್ಸಿಗೆ ಬಂತು
ಬಾಂದ್ರಾದ ಸಿಸ್ಟರುಗಳ ಆರ್ಡರು,
ಏಳೂ ಸೇರಿದ ಕನ್ನಡ ಬೈಬಲು, ಎಂಟುನೂರು ಪ್ರತಿ.
ಅಪ್ಪ ರಜೆ ಹಾಕಲಿಲ್ಲ. ಹೊಲಿದ.
"ಕೈ ನಡುಗಿತೆ?" ಕೇಳಿದಳು ಅಮ್ಮ.
"ದಾರ ಒಳ್ಳೆಯದಿತ್ತು."

ಅಮ್ಮ ಹೋದದ್ದು ಮರುವರ್ಷ.
ಶಿವ್ಡಿಯ ಮಣ್ಣಿನಲ್ಲೂ ಅವರಿಗೊಂದು ಬದಿ, ಇವರಿಗೊಂದು ಬದಿ.
ಏಳನೆಯ ದಿನದ ಪೂಜೆಗೆ ಅಪ್ಪ ಬಂದ, ಒಳಗೆ ಬರಲಿಲ್ಲ.
ಸತ್ತವರಿಗಾಗಿ ಬೇಡಿಕೊಳ್ಳಿ ಎಂದು
ಅವನ ಪುಸ್ತಕದಲ್ಲಿ ಬರೆದಿಲ್ಲ.
ಬಾಗಿಲಾಚೆ ಬಿಸಿಲಲ್ಲಿ ನಿಂತಿದ್ದ,
ಚಪ್ಪಲಿ ಮಾತ್ರ ಬಿಚ್ಚಿದ್ದ.

ಈಗ ಅಪ್ಪನೂ ಇಲ್ಲ. ಹೋದ ವಾರ ತಗಡಿನ ಪೆಟ್ಟಿಗೆ ತೆಗೆದೆ.
ಮೇಣ, ಮೂಳೆಯ ಚಾಕು, ಅಮ್ಮನ ನೀಲಿ ದಾರದ ಉಂಡೆ,
ಅಡಿಯಲ್ಲೊಂದು ಕಟ್ಟು:
ಪ್ರೆಸ್ಸಿನ ರದ್ದಿಯಿಂದ ತಂದ ಆ ಏಳು ಪುಸ್ತಕ.
ಅದೇ ನೀಲಿ ದಾರದಲ್ಲಿ ಹೊಲಿದಿದ್ದಾನೆ.
ರಟ್ಟು ಹಾಕಿಲ್ಲ. ಅಂಚು ಕತ್ತರಿಸಿಲ್ಲ.
ಪುಟಗಳೆಲ್ಲ ಮಡಿಕೆಯಲ್ಲೇ ಮುಚ್ಚಿವೆ,
ಒಂದು ಕಡೆ ಮಾತ್ರ ಚಾಕು ಆಡಿದೆ.

ಸತ್ತವರಿಗಾಗಿ ಬೇಡುವ ಪುಟವೇ ಇರಬೇಕೆಂದು
ಉಸಿರು ಹಿಡಿದು ಹುಡುಕಿದೆ.
ಅದು ಮುಚ್ಚಿಯೇ ಇದೆ.
ಬಿಡಿಸಿದ್ದು, ನಾಯಿ ಹಿಂದೆ ಹಿಂದೆ ಹೋಗುವ ಪುಟ.

ಮೂಳೆಯ ಚಾಕು ನನ್ನ ಕೈಲಿದೆ.
ಇನ್ನೊಂದು ಮಡಿಕೆ ಬಿಡಿಸಲು
ಯಾರ ಅಪ್ಪಣೆ ಕೇಳಬೇಕು ಎಂದು ಕೂತಿರುವಾಗ
ಕೆಳಗೆ ಯಾರೋ ಮರಾಠಿಯಲ್ಲಿ ಕೂಗಿದರು, ನೀರು ಬಂತು.
ಚಾಕುವನ್ನು ನಾಯಿಯ ಪುಟದಲ್ಲಿ ಗುರುತಿಗಿಟ್ಟು
ಬಕೆಟ್ಟು ಹಿಡಿದು ಇಳಿದೆ.